ಗಾಳಿಯಾಡುವ ಮನೆ

ಗಾಳಿಯಾಡುವ ಮನೆ ಮಾಡಿಕೊಡ್ತೀನಿ ಎಂದು ಮುಕ್ತಾರ್ ಮದುವೆಯಾದ ವಾರದಲ್ಲೇ ಕುಲ್ಸುಮ್‌ಗೆ ಮಾತು ಕೊಟ್ಟಿದ್ದ. ಹನ್ನೊಂದು ವರ್ಷವಾಯಿತು. ಗಂಗಾನಗರದ ಮನೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿದರೆ ಸಿಗುತ್ತದೆ. ಕುಲ್ಸುಮ್‌ಗೆ ಉಬ್ಬಸ.

ಈ ಭಾನುವಾರ ಅವಳು ಯಲಹಂಕದಲ್ಲಿ ಬಾಡಿಗೆಗಿದ್ದ ಮೂರನೇ ಮಹಡಿಯ ಖಾಲಿ ಮನೆಯಲ್ಲಿ ಕಿಟಕಿಗೆ ಮುಖವೊಡ್ಡಿ ನಿಂತಿದ್ದಳು. ದುಪಟ್ಟಾ ಪಟಪಟ ಹಾರುತ್ತಿತ್ತು. ಕಿಟಕಿಯ ಅಗಲವನ್ನು ಗೇಣು ಹಾಕಿ ಅಳೆದಳು.

"ಹೊಲಿದಿಟ್ಟ ಪರದೆ ಸರಿಹೋಗುತ್ತೆ," ಎಂದಳು.

"ಅಬ್ಬಾ, ಬ್ರೀಜಿ ಅಂದ್ರೆ ಇದೇನಾ?" ಮಗಳು ಫಾಯಿಜಾಳಿಗೆ ಆ ಇಂಗ್ಲಿಷ್ ಪದ ಬಳಸಿ ವಾಕ್ಯ ಬರೆಯುವ ಹೋಮ್‌ವರ್ಕ್ ಇತ್ತು.

"ಇದೇ, ಚೆನ್ನಾಗಿ ಗಾಳಿಯಾಡೋದು. ಮನುಷ್ಯರಿಗೂ ಹೇಳ್ತಾರೆ. ಮನಸ್ಸಲ್ಲಿ ಯಾವ ಭಾರಾನೂ ಇಲ್ಲದ ಹಾಗೆ ನಗ್ತಾ ಮಾತಾಡೋರಿಗೆ." ಮುಕ್ತಾರ್ ಇಂಗ್ಲಿಷ್ ಲೆಕ್ಚರರ್, ಅರ್ಥ ಹೇಳುವುದಕ್ಕೆ ಸಂಬಳ.

ಮನೆಯ ಯಜಮಾನ ವೀರಬಸಪ್ಪ ಚಹಾ ತರಿಸಿದರು. "ಫೋನ್‌ನ್ಯಾಗ ನಿಮ್ಮ ಕನ್ನಡ ಕೇಳಿ ಭಾಳ ಖುಷಿ ಆತ್ರೀ ಸರ. ಅಗ್ರಿಮೆಂಟ್ ಯಾರ ಹೆಸರಿಗೆ ಮಾಡಸೂದ್ರಿ?"

ಫೋನಿನಲ್ಲಿ ಮುಕ್ತಾರ್ ಹೆಸರು ಹೇಳದೆ ಬರೀ ಲೆಕ್ಚರರ್ ಎಂದಿದ್ದ. ಬೇಕೆಂದೇ. ದುಪಟ್ಟಾ ನೋಡಿಯೂ ಚಹಾ ತರಿಸಿದ್ದಾರೆ ಎಂಬ ಧೈರ್ಯದಲ್ಲಿ ಈಗ ಪೂರ್ತಿ ಹೆಸರು ಹೇಳಿದ.

ವೀರಬಸಪ್ಪನವರ ಪೆನ್ನು ನಿಂತಿತು. ನಗು ಮಾತ್ರ ನಿಲ್ಲಲಿಲ್ಲ. "ಅಯ್ಯ, ಮರತೇ ಬಿಟ್ಟಿದ್ದೆ ನೋಡ್ರಿ! ನಮ್ಮ ತಮ್ಮನ ಮಗ ಶರಣು ಈ ಮನಿಗೆ ಬರತೇನಂದಾನ. ವಯಸ್ಸಾತಲ್ರೀ, ಏನೂ ನೆನಪಿರೂದಿಲ್ಲ. ಚಹಾ ಕುಡೀರಿ, ಚಹಾ ಕುಡೀರಿ."

ಮುಕ್ತಾರ್‌ಗೆ ಲೋಟದ ಚಹಾವನ್ನು ಆ ಮುಖಕ್ಕೆ ಎರಚಬೇಕು ಅನ್ನಿಸಿತು.

"ಅಯ್ಯೋ ಪರವಾಗಿಲ್ಲ ಸಾರ್," ಎಂದು ಮುಕ್ತಾರ್ ನಕ್ಕ. ಚಹಾ ಪೂರ್ತಿ ಕುಡಿದ. ಸಕ್ಕರೆ ಹದವಾಗಿದೆ ಅಂತಲೂ ಹೇಳಿದ.

ಆಟೋ ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಕೊಂಡಾಗ ಫಾಯಿಜಾ ಕೇಳಿದಳು: "ಆ ಅಜ್ಜ ಬ್ರೀಜಿ ಅಲ್ವಾ ಅಬ್ಬಾ?"

"ಹೌದು."

"ನೀವೂನೂ. ನೀವೂ ನಕ್ರಲ್ಲ."

"ಬಾಯ್ಮುಚ್ಚು!" ಡ್ರೈವರ್ ತಿರುಗಿ ನೋಡುವಷ್ಟು ಜೋರಾಗಿ ಕಿರುಚಿದ. ಮಗು ಬೆಚ್ಚಿ ತಾಯಿಗೆ ಅಂಟಿಕೊಂಡಿತು. ದಿನವಿಡೀ ಕೂಡಿಟ್ಟ ಕೋಪ ಖರ್ಚಾದದ್ದು ಅಲ್ಲಿ, ಎಂಟು ವರ್ಷದ ಹುಡುಗಿಯ ಮೇಲೆ. ಕುಲ್ಸುಮ್ ಅವನನ್ನು ನೋಡಲಿಲ್ಲ.

ಮನೆಗೆ ಬಂದವಳೇ ಕುಲ್ಸುಮ್ ಟ್ರಂಕಿನಿಂದ ಹೊಸ ಪರದೆ ತೆಗೆದು ಕಿಟಕಿಗೆ ಕಟ್ಟಿದಳು.

"ಈಗ್ಯಾಕೆ ಅದು?"

"ಹೊಲಿದಾಗಿದೆಯಲ್ಲ."

ಫಾಯಿಜಾ ನೋಟ್‌ಬುಕ್ ಹಿಡಿದು ದೂರವೇ ನಿಂತಳು. ಅವಳ ಮುಖ ನೋಡದೆ ಮುಕ್ತಾರ್ ಹೇಳಿದ: "ಬರಿ. ಅವರ್ ಹೌಸ್ ಈಸ್ ಬ್ರೀಜಿ."

ಅವಳು ನಿಂತಲ್ಲೇ ಬರೆದಳು.

ಕುಲ್ಸುಮ್ ಟೇಬಲ್ ಫ್ಯಾನನ್ನು ಕಿಟಕಿಯ ಕಡೆ ತಿರುಗಿಸಿ ಹಾಕಿದಳು. ಈ ಕಿಟಕಿಗೆ ಎರಡು ಗೇಣು ಹೆಚ್ಚಾಗಿದ್ದ ಪರದೆ ಉಬ್ಬಿತು, ಸರಳುಗಳ ನಡುವೆ ತೂರಿತು, ಪಕ್ಕದ ಗೋಡೆಗೆ ಬಡಿದು ಬಡಿದು ಅದನ್ನು ಒರೆಸತೊಡಗಿತು.

ಮುಕ್ತಾರ್ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.