ಹಿಂದಿನ ಸೀಟಿನ ತಲೆನೋವು

ಗಡಿಯಾರ ರಿಪೇರಿಯವರ ಕಾರಿಗೆ ಇಪ್ಪತ್ತೆರಡು ವರ್ಷ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಅವರಿಗೆ ದಿನವಿಡೀ ಖುಷಿ. ಆಗದಿದ್ದರೆ ಬ್ಯಾಟರಿಯ ತುದಿಗಳನ್ನು ಉಜ್ಜುತ್ತಿದ್ದರು, ಪ್ಲಗ್ ಬಿಚ್ಚಿ ಒರೆಸುತ್ತಿದ್ದರು. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗ್ ಕೂರಿಸುವ ಕೈಗೆ ಕಾರು ಯಾವ ಲೆಕ್ಕ ಎಂದು ಅವರ ಹೆಮ್ಮೆ.

ವಾರಕ್ಕೆ ಮೂರು ದಿನ ಹೆಂಡತಿಯನ್ನು ಮಂಡಿಯ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಆಪರೇಷನ್ ಆದ ಮೇಲೆ ಆಕೆಗೆ ಕಾಲು ಮಡಚಲು ಆಗುತ್ತಿರಲಿಲ್ಲ. ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿ, ಬಾಗಿಲಿಗೆ ದಿಂಬು ಕೊಟ್ಟು ಒರಗಿ ಕೂರುತ್ತಿದ್ದರು. ಚಳಿಗಾಲವಾದ್ದರಿಂದ ಹಿಂದಿನ ಗಾಜುಗಳೆಲ್ಲ ಬಂದ್. ಯಜಮಾನರಿಗೆ ಮಾತ್ರ ಮೊಣಕೈ ಹೊರಗಿಟ್ಟು ಓಡಿಸುವ ಹಳೆಯ ಚಾಳಿ. ಮುಂದಿನ ಗಾಜು ಸದಾ ಅರ್ಧ ತೆರೆದೇ ಇರುತ್ತಿತ್ತು.

ಮುಕ್ಕಾಲು ಗಂಟೆಯ ದಾರಿ. ಇಳಿಯುವಷ್ಟರಲ್ಲಿ ಆಕೆಗೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಮನೆಗೆ ಬಂದು ಎರಡು ಗಂಟೆ ಕಳೆದರೆ ಎಲ್ಲ ಸರಿಹೋಗುತ್ತಿತ್ತು.

"ನಿಮ್ಮ ಗಾಡಿ ಹತ್ತಿದ್ರೇನೇ ಹೀಗಾಗೋದು ರೀ," ಎಂದರು ಆಕೆ.

"ಗಾಡಿ ಏನ್ ಮಾಡ್ತು ನಿಂಗೆ? ವಯಸ್ಸಾಯ್ತು ಕಣೇ, ಅಷ್ಟೆ," ಎಂದು ಇವರು ನಕ್ಕರು.

ಆದರೂ ಸುಮ್ಮನೆ ಕೂರಲಿಲ್ಲ. ಕಣ್ಣು ತೋರಿಸಿದರು, ಹೊಸ ಕನ್ನಡಕ ಬಂತು. ರಕ್ತದೊತ್ತಡ ನೋಡಿಸಿದರು, ಸರಿಯಾಗಿಯೇ ಇತ್ತು. ತಲೆನೋವು ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಎದುರುಮನೆಯಲ್ಲಿ ಒಬ್ಬರು ಹೆಂಗಸು ಇದ್ದರು. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಬೀದಿಗೆಲ್ಲ ಅವರು ಡಿಪೋ ಅಕ್ಕ. ಒಂದು ಬೆಳಿಗ್ಗೆ ಗಿಡಕ್ಕೆ ನೀರು ಹಾಕುತ್ತಿದ್ದವರು ಕಾರು ಸ್ಟಾರ್ಟ್ ಆದೊಡನೆ ಕಿವಿಗೊಟ್ಟು ನಿಂತರು. ಹತ್ತಿರ ಬಂದು, ಕೆಳಗಿಂದ ಬುಸುಗುಟ್ಟುವ ಸದ್ದು ಬರುತ್ತಿದೆ, ಹೊಗೆಯ ಕೊಳವೆ ಎಲ್ಲೋ ತೂತಾಗಿರಬೇಕು ಎಂದರು. ಹಿಂದೆ ಕೂತವರಿಗೆ ತಲೆನೋವು ಬರುತ್ತದೆಯೇ ಎಂದೂ ಕೇಳಿದರು.

ಯಜಮಾನರ ಮುಖ ಬಿಗಿಯಿತು. "ಹೊಗೆ ಒಳಗೆ ಬಂದ್ರೆ ವಾಸನೆ ಬರಲ್ವಾ ಅಕ್ಕ? ನನ್ನ ಗಾಡಿ ನಂಗೆ ಗೊತ್ತಿಲ್ವಾ?"

"ಹೊಗೆಯಲ್ಲಿರೋ ಆ ವಿಷಗಾಳಿಗೆ ವಾಸನೆ ಇಲ್ಲ ಅಣ್ಣ, ಬಣ್ಣನೂ ಇಲ್ಲ. ಕಾರ್ಬನ್ ಮಾನಾಕ್ಸೈಡ್ ಅಂತಾರೆ. ಇವತ್ತು ಗಾಡಿ ಬೇಡ, ಆಟೋದಲ್ಲಿ ಹೋಗಿ."

ಹೊತ್ತಾಯಿತು ಎಂದು ಯಜಮಾನರು ಗೇರ್ ಹಾಕಿದರು.

ಅಂದು ರೈಲ್ವೆ ಗೇಟು ಬಿದ್ದಿತ್ತು. ಎಂಜಿನ್ ಆರಿಸದೆ ಕಾದರು. ಗೂಡ್ಸ್ ರೈಲು ಬರುವುದಕ್ಕೇ ಹದಿನೈದು ನಿಮಿಷ. ಬೇಜಾರಿಗೆ ಹೆಂಡತಿಯನ್ನು ಏನೋ ಕೇಳಿದರು. ಉತ್ತರವಿಲ್ಲ. ಡಿಪೋ ಅಕ್ಕನ ಮಾತು ಕೇಳದೆ ಹೊರಟಿದ್ದಕ್ಕೆ ಮುನಿಸಿಕೊಂಡಿರಬೇಕು ಎಂದುಕೊಂಡರು. ಮತ್ತೆ ಕರೆದು ಕನ್ನಡಿಯಲ್ಲಿ ನೋಡಿದರೆ, ಆಕೆಯ ತಲೆ ಭುಜಕ್ಕೆ ವಾಲಿತ್ತು, ಬಾಯಿ ಅರ್ಧ ತೆರೆದಿತ್ತು. ತಿರುಗಿ ಕಾಲು ಹಿಡಿದು ಅಲುಗಾಡಿಸಿದರು. ಆಕೆ ತೊದಲಿದರು, ಕಣ್ಣು ಬಿಡಲಿಲ್ಲ.

ಡಿಪೋ ಅಕ್ಕನ ಮಾತು ಆಗ ಅವರ ಕಿವಿಯಲ್ಲಿ ಗುಂಯ್‌ಗುಟ್ಟಿತು. ಎಂಜಿನ್ ಆರಿಸಿದರು, ನಾಲ್ಕೂ ಬಾಗಿಲು ತೆಗೆದರು. ಹಿಂದಿನ ಗಾಡಿಯ ಚಾಲಕ ಓಡಿ ಬಂದು ಕೈಜೋಡಿಸಿದ. ಇಬ್ಬರೂ ಸೇರಿ ಆಕೆಯನ್ನು ಮೋರಿಯ ಕಟ್ಟೆಯ ಮೇಲೆ ಕೂರಿಸಿದರು. ತಣ್ಣನೆಯ ಗಾಳಿ ಬಡಿದ ಮೇಲೆ ಆಕೆ ವಾಂತಿ ಮಾಡಿಕೊಂಡು, ನಿಧಾನಕ್ಕೆ ಕಣ್ಣು ಬಿಟ್ಟು, "ಗೇಟ್ ತೆಗೆದ್ರಾ?" ಎಂದು ಕೇಳಿದರು.

ಆ ಚಾಲಕನೇ ತನ್ನ ಗಾಡಿಯಲ್ಲಿ ಅವರನ್ನು ಆಸ್ಪತ್ರೆಗೆ ತಲುಪಿಸಿದ. ಕಾರಿನೊಳಗೆ ಹೀಗಾಯಿತು ಎಂದು ಹೇಳಿದ್ದರಿಂದ ವೈದ್ಯೆ ತಡಮಾಡದೆ ಆಮ್ಲಜನಕ ಕೊಟ್ಟರು. ಇನ್ನಷ್ಟು ಹೊತ್ತು ಒಳಗೇ ಇದ್ದಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು.

ಸಂಜೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಯಜಮಾನರು ಕೂತರು. ಹೆಂಡತಿಗೆ ಹೇಳಿದರು: "ಯಾರೋ ಗಡಿಯಾರ ತಂದು, ಇದು ಹಿಂದೆ ಬೀಳ್ತಿದೆ ಅಂದ್ರೆ ನಾನು ಯಾವತ್ತೂ ನಿಮ್ಮ ಭ್ರಮೆ ಅಂದಿಲ್ಲ. ಬಿಚ್ಚಿ ನೋಡ್ತೀನಿ. ನಿನ್ನ ಮಾತು ಮಾತ್ರ ನಂಬ್ಲಿಲ್ಲ ನೋಡು."

ಆಕೆ ಮಾಸ್ಕ್ ಸರಿಸಿ, "ಈಗ ಬಿಚ್ಚಿ ನೋಡಿ," ಎಂದರು.

ಮರುದಿನ, ಗೇಟಿನ ಬಳಿ ಬಿಟ್ಟುಬಂದಿದ್ದ ಕಾರನ್ನು ಓಡಿಸದೆ, ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ದರು. ಡಿಪೋ ಅಕ್ಕನೂ ಜೊತೆಗೆ ಹೋದರು. ಗಾಡಿಯನ್ನು ಮೇಲೆತ್ತಿ ನೋಡಿದರೆ, ಸರಿಯಾಗಿ ಹಿಂದಿನ ಸೀಟಿನ ಕೆಳಗೆ ಹೊಗೆ ಕೊಳವೆಯ ಜೋಡಣೆ ತುಕ್ಕು ಹಿಡಿದು ಬಾಯಿಬಿಟ್ಟಿತ್ತು. ಸುತ್ತ ಕಾಡಿಗೆಯಂಥ ಮಸಿ. ಅದರ ಮೇಲೆಯೇ ಕಾರಿನ ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಡಿಕ್ಕಿಯ ಬಾಗಿಲಿನ ರಬ್ಬರ್ ಒಣಗಿ ಬಿರುಕುಬಿಟ್ಟು, ಅಲ್ಲಿಂದಲೂ ಹೊಗೆಗೆ ದಾರಿಯಾಗಿತ್ತು.

ಸದ್ಯಕ್ಕೆ ಕೊಳವೆಗೆ ಪಟ್ಟಿ ಸುತ್ತಿ ಕೊಡಲೇ ಎಂದು ಮೆಕ್ಯಾನಿಕ್ ಕೇಳಿದ. ಬೇಡ ಎಂದವರು ಡಿಪೋ ಅಕ್ಕ ಅಲ್ಲ, ಯಜಮಾನರೇ. ಕೊಳವೆ ಹೊಸದಾಯಿತು. ತಳದ ತೂತಿಗೆ ತಗಡು ಬೆಸೆದರು, ರಬ್ಬರ್ ಬದಲಾಯಿಸಿದರು. ಎಂಜಿನ್ ಓಡಿಸಿ, ಕಾರಿನೊಳಗೆ ಗಾಳಿ ಅಳೆಯುವ ಯಂತ್ರ ಇಟ್ಟು ನೋಡಿದಾಗ ವಿಷದ ಸುಳಿವಿರಲಿಲ್ಲ.

ವಾಪಸು ಬರುವಾಗ ಅವರು ಕೀಲಿಯನ್ನು ಡಿಪೋ ಅಕ್ಕನ ಕೈಗೆ ಕೊಟ್ಟರು. ತಾವು ಹಿಂದೆ, ಹೆಂಡತಿಯ ಜಾಗದಲ್ಲಿ ಕೂತು ಮನೆಯವರೆಗೂ ಬಂದರು. ಅಷ್ಟರಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದು ಬಾಗಿಲಲ್ಲಿ ಕಾಯುತ್ತಿದ್ದ ಆಕೆ ತಲೆನೋವು ಬಂತೇ ಎಂದು ಕೇಳಿದರು.

"ಇಲ್ಲ ಕಣೇ. ಆದ್ರೆ ಇಷ್ಟು ವರ್ಷ ಆ ಸೀಟಲ್ಲಿ ಒಂದು ಸಲನೂ ಕೂತಿರ್ಲಿಲ್ಲ ನಾನು," ಎಂದರು ಯಜಮಾನರು.

ನಿಮ್ಮ ಮನೆಯಲ್ಲೂ ಹಳೆಯ ಕಾರಿದೆಯೇ? ಹೊಸದಾಗಿ ಬುಸುಗುಟ್ಟುವ ಸದ್ದು ಕೇಳಿದರೆ, ಕಾರು ಹತ್ತಿದಾಗಲೆಲ್ಲ ತಲೆನೋವು, ಮಂಪರು, ಓಕರಿಕೆ ಬಂದರೆ, ಅದನ್ನು ಓಡಿಸುವುದು ನಿಲ್ಲಿಸಿ, ಹೊಗೆ ಕೊಳವೆ ತೋರಿಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ. ದಾರಿಯಲ್ಲಿ ಯಾರಿಗಾದರೂ ಮಂಪರು ಕವಿದರೆ ಮೊದಲು ಎಂಜಿನ್ ಆರಿಸಿ, ಅವರನ್ನು ಹೊರಗಿನ ಗಾಳಿಗೆ ತನ್ನಿ, ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ. ಕಾರಿನಲ್ಲಿದ್ದಾಗ ಹೀಗಾಯಿತು ಎಂದು ವೈದ್ಯರಿಗೆ ಹೇಳುವುದನ್ನು ಮರೆಯಬೇಡಿ. ಮತ್ತೆ, ಇವತ್ತೇ ಒಮ್ಮೆ ಹಿಂದಿನ ಸೀಟಿನಲ್ಲಿ ಕೂರುವವರನ್ನು ಕೇಳಿ, ಹೇಗಿರುತ್ತದೆ ಎಂದು. ಅವರು ಹೇಳಿದ್ದನ್ನು ನಂಬಿ.