ಕೆಸರು ಕಾಲು

"ಪೆಟ್ಟಿಗೆ ಇಳಿಸಿ" ಎಂದು ಒಟೀಲಿಯ ಬಾಗಿಲಿಗೆ ಅಡ್ಡ ನಿಂತಳು. "ಪಾದ್ರಿಗಳು ಮಾತು ಕೊಡೋವರೆಗೂ ಅಮ್ಮ ಈ ಹೊಸಿಲು ದಾಟಲ್ಲ."

ಹೊತ್ತವರು ಶವಪೆಟ್ಟಿಗೆಯನ್ನು ಇಳಿಸಿ ಹೆಗಲು ತಿಕ್ಕಿಕೊಂಡರು. ಸತ್ತವರ ಬಾಳಿನ ಕತೆಯನ್ನು ಸಮಾಧಿಯ ಬಳಿ ಪಾದ್ರಿ ಹೇಳುವುದು ನಮ್ಮ ಎರ್ಲೆನ್‌ಬಾಖ್‌ನ ವಾಡಿಕೆ. ಅಲ್ಲಿ ಹೇಳಿದ್ದೇ ಊರಿಗೆ ನಿಜ, ಬಿಟ್ಟದ್ದು ಸುಳ್ಳು.

ಪಾದ್ರಿ ನೀಮಾಯರ್ ಕೆಟ್ಟವರಲ್ಲ, ಸ್ವಲ್ಪ ಪುಕ್ಕಲು, ಅಷ್ಟೆ. "ನಿಮ್ಮಮ್ಮ ವಾಲ್ಪುರ್ಗ ಹೆಬ್ಬಾತು ಸಾಕಿದ್ಲು ಅಂತೀನಿ, ಕಷ್ಟಜೀವಿ ಅಂತೀನಿ. ರಾಣೀನ ಸಾಕಿದ್ಲು ಅಂತ ಹೇಗಮ್ಮ ಹೇಳ್ಲಿ? ಅವರನ್ನ ಬೆಳೆಸಿದ್ದು ಫ್ರೆಂಚ್ ಶಿಕ್ಷಕಿ ಅಂತ ಕೋಟೆಯವರೇ ಹೇಳ್ತಾರೆ."

"ಕೋಟೆಯವರಿಗೆ ಆಗ ಶಿಕ್ಷಕಿ ಹಾಗಿರ್ಲಿ, ಬೆಕ್ಕು ಸಾಕೋಕೂ ಗತಿ ಇರ್ಲಿಲ್ಲ ಸ್ವಾಮಿ."

ಪಕ್ಕದ ಮನೆಯ ಹೆಡ್ವಿಗ್ ಕರವಸ್ತ್ರದೊಳಗೇ ನಕ್ಕಳು. "ಸಾಯೋತನಕ ನಿಮ್ಮಮ್ಮಂದು ಇದೇ ಆಯ್ತು ಕಣೆ. ಹೆಬ್ಬಾತಿಗೂ ಕಾಲು ತೊಳೀತಿದ್ದ ಮಹಾತಾಯಿ!"

*

ಹೆಡ್ವಿಗ್ ಹೇಳಿದ್ದೇನೂ ಸುಳ್ಳಲ್ಲ. ಗೂಡಿನ ಹುಲ್ಲು ಕೊಳೆಯಾಗಬಾರದೆಂದು ವಾಲ್ಪುರ್ಗ ಸಂಜೆ ಒಂದೊಂದು ಹೆಬ್ಬಾತಿನ ಕಾಲೂ ತೊಳೆಯುತ್ತಿದ್ದಳು. "ವುಲ್ಲೆ-ವುಲ್ಲೆ, ಕತ್ತಲಾಯ್ತು, ಕೆಸರು ಕಾಲು ಕೊಡು!" ಹೆಬ್ಬಾತುಗಳನ್ನು ಊರಿನವರೆಲ್ಲ ವುಲ್ಲೆ-ವುಲ್ಲೆ ಎಂದೇ ಕರೆಯುತ್ತಿದ್ದರು. ಕೆಸರು ಕಾಲಿನ ಮಾತು ಮಾತ್ರ ವಾಲ್ಪುರ್ಗ ಒಬ್ಬಳದು.

ಕೋಟೆಯ ರಾಜಮನೆತನ ಬಹಳ ಹಳೆಯದು, ಸೋರುವ ಮಾಡೂ ಅಷ್ಟೇ ಹಳೆಯದು. ರಾಜಕುಮಾರಿಯ ಹಾಸಿಗೆಯೂ ಹುಲ್ಲಿನದೇ. ಬರಿಗಾಲಲ್ಲಿ ಹೊಲ ಸುತ್ತುತ್ತಿದ್ದ ಅವಳನ್ನೂ ವಾಲ್ಪುರ್ಗ ಅದೇ ಕರೆ ಕೂಗಿ ಮಲಗಲು ಕರೆಯುತ್ತಿದ್ದಳು. ಹುಡುಗಿ ಓಡಿಬಂದು ನೆಲದ ಮೇಲೆ ಕೂತು ಎರಡೂ ಕಾಲು ಚಾಚುತ್ತಿದ್ದಳು. ಅವಳು ಕಡಲಾಚೆಯ ದೇಶಕ್ಕೆ ರಾಣಿಯಾಗಿ ಹೋದದ್ದೇ ತಡ, ಕೋಟೆಯವರು ಹುಲ್ಲು ಹಾಸಿಗೆಯನ್ನೂ ಕೆಸರನ್ನೂ ವಾಲ್ಪುರ್ಗಳನ್ನೂ ಒಟ್ಟಿಗೇ ಮರೆತರು.

"ಬೇಜಾರಾಗಲ್ವೇನಮ್ಮ? ಊರೆಲ್ಲ ನಿನ್ನನ್ನ ಸುಳ್ಳಿ ಅನ್ನುತ್ತೆ" ಎಂದು ಒಟೀಲಿಯ ಒಮ್ಮೆ ಕೇಳಿದ್ದಳು.

"ಅಂದ್ಕೊಳ್ಲಿ ಬಿಡು. ನಂಗೊತ್ತು, ಅವಳ ಕಾಲಿಗೊತ್ತು."

*

"ದಾರೀಲಿ ಯೋಚಿಸ್ತೀನಮ್ಮ" ಎಂದು ಪಾದ್ರಿ ಅಂದ ಮೇಲೆ ಪೆಟ್ಟಿಗೆ ಎದ್ದಿತು. ಬೇಲಿಯ ಬಾಗಿಲು ಹಾಕುವುದು ಯಾರಿಗೂ ನೆನಪಾಗಲಿಲ್ಲ. ಹೆಬ್ಬಾತುಗಳೂ ಹಿಂದೆ ಹೊರಟು, ಕೋಟೆಗೆ ಹೋಗುತ್ತಿದ್ದ ಸಾರೋಟಿನ ಕುದುರೆಗಳನ್ನು ಮುತ್ತಿಕೊಂಡವು. ಅಜ್ಜಿಯ ಮನೆ ನೋಡಲು ಬಂದ ರಾಣಿಯ ಪುಟ್ಟ ಮಗಳು ಅದರೊಳಗಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಅವಳಿಗೆ ನಮ್ಮ ಮಾತು ಬರುವುದಿಲ್ಲವೆಂಬುದೂ ಗೊತ್ತಿತ್ತು.

"ಕುದುರೆ ಬೆದರುತ್ವೆ, ಒಟೀಲಿಯ! ನಿಮ್ಮ ಹೆಬ್ಬಾತು ಕರಿಯೇ!" ಎಂದು ಹೆಡ್ವಿಗ್ ಕಿರುಚಿದಳು.

ಒಟೀಲಿಯ ಪೆಟ್ಟಿಗೆಯ ಪಕ್ಕದಿಂದ ಹಿಂದಕ್ಕೆ ತಿರುಗಿದಳು. ಅಮ್ಮನ ಹಾಗೆಯೇ ಎಳೆದು ಕೂಗಿದಳು. "ವುಲ್ಲೆ-ವುಲ್ಲೆ, ಕತ್ತಲಾಯ್ತು, ಕೆಸರು ಕಾಲು ಕೊಡೂ!"

ಹೆಬ್ಬಾತುಗಳು ರೆಕ್ಕೆ ಬಡಿಯುತ್ತ ಓಡಿಬಂದವು. ಸಾರೋಟಿನ ಬಾಗಿಲೂ ತೆರೆಯಿತು. ಆಯಾ ಹಿಡಿಯುವಷ್ಟರಲ್ಲಿ ರೇಷ್ಮೆ ಲಂಗದ ಹುಡುಗಿ ಕೆಳಗೆ ಧುಮುಕಿ, ಹೆಬ್ಬಾತುಗಳ ಜೊತೆಯಲ್ಲೇ ಓಡಿಬಂದು ಒಟೀಲಿಯಳ ಮುಂದೆ ಧೂಳಿನಲ್ಲಿ ಕೂತಳು. ಬೂಟು ಕಿತ್ತೆಸೆದಳು, ಕಾಲುಚೀಲ ಎಳೆದು ಹಾಕಿದಳು. ಎರಡೂ ಕಾಲು ಚಾಚಿ, ಕತ್ತೆತ್ತಿ ಕಾದಳು.

ಪಾದ್ರಿ ಕೈಯೆತ್ತಿ ಪೆಟ್ಟಿಗೆಯವರನ್ನು ನಿಲ್ಲಿಸಿದರು. ಹೆಡ್ವಿಗ್ ಯಾರೂ ಹೇಳದೆಯೇ ನೀರು ತರಲು ಬಾವಿಯ ಕಡೆ ಓಡಿದಳು.