ಕಪ್ಪು ಜೇಡಿಯಲ್ಲಿ ಜೇನುಬಣ್ಣದ ಹಲ್ಲು

"ಇವತ್ತೂ ಬರಿಗೈ ಆದ್ರೆ ನನ್ನ ಸುತ್ತಿಗೆ ನೀನೇ ಇಟ್ಕೋ. ಇನ್ಮೇಲೆ ನಾನು ಬರಲ್ಲ," ಎಂದು ಅಕ್ಕ ಬಸ್ಸಿನಲ್ಲೇ ಸಾರಿಬಿಟ್ಟಿದ್ದಳು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವಳಿಗೆ ಒಂದು ಪಳೆಯುಳಿಕೆ ಹಲ್ಲೂ ಸಿಕ್ಕಿರಲಿಲ್ಲ.

ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಅಕ್ಕನೇ ತಂಗಿಗೆ ಈ ಹುಚ್ಚು ಹತ್ತಿಸಿದ್ದು. ಇಟ್ಟಿಗೆ ಕಾರ್ಖಾನೆಯ ಹಿಂದಿನ ಜೇಡಿಮಣ್ಣಿನ ಹೊಂಡ ಒಂದಾನೊಂದು ಕಾಲದಲ್ಲಿ ಕಡಲ ತಳವಾಗಿತ್ತು. ಅಲ್ಲಿ ಈಜುತ್ತಿದ್ದ ಉದ್ದ ಕತ್ತಿನ ಸರೀಸೃಪಗಳು ಉದುರಿಸಿಹೋದ ಹಲ್ಲುಗಳು ಈಗ ಕಲ್ಲಾಗಿ ಸಿಗುತ್ತವೆ. ಅವನ್ನು ಹೆಕ್ಕುವುದಕ್ಕೆ ಅಕ್ಕತಂಗಿಯರದು ಒಂದೇ ಕಟ್ಟಳೆ: ಮೊದಲು ಕಂಡವರದೇ ಹಲ್ಲು. ಅಕ್ಕನಿಲ್ಲದೆ ಈ ಕೆಸರು ಯಾರಿಗೆ ಬೇಕು? ಸಾಲದ್ದಕ್ಕೆ, ಅಕ್ಕನ ಹೊಸ ಕನ್ನಡಕ ತಂಗಿಯ ಅಂಗಡಿಯಲ್ಲೇ ಮಾಡಿಸಿದ್ದು!

ಇಂಥದ್ದೇನೋ ಆದೀತೆಂದು ತಂಗಿ ಮನೆಯಿಂದಲೇ ಸಿದ್ಧವಾಗಿ ಬಂದಿದ್ದಳು. ತನ್ನ ಪೆಟ್ಟಿಗೆಯಲ್ಲಿನ ಅತಿ ಚೆಂದದ ಹಲ್ಲನ್ನು ಕನ್ನಡಕ ಒರೆಸುವ ಬಟ್ಟೆಯಲ್ಲಿ ಸುತ್ತಿ ಜೇಬಿಗಿಳಿಸಿದ್ದಳು. ಹೊಂಡ ತಲುಪಿದ್ದೇ ತಡ, ಮುಂದೆ ಓಡಿ, ನೀರು ಕೊರೆದ ಇಳಿಜಾರಿನಲ್ಲಿ ಅದನ್ನು ಹೆಬ್ಬೆರಳಿನಿಂದ ಒತ್ತಿ, ಏನೂ ಅರಿಯದವಳಂತೆ ದೂರ ಹೋಗಿ ನಿಂತಳು.

"ಅಕ್ಕಾ, ಆ ಇಳಿಜಾರು ನೋಡ್ದ್ಯಾ?"

ಅಕ್ಕ ಗೋಣಿಚೀಲ ಹಾಸಿ ಮಂಡಿಯೂರಿದಳು. ಇಳಿಜಾರನ್ನು ಅಂಗುಲ ಅಂಗುಲವಾಗಿ ಹುಡುಕಿದಳು. ಆಮೇಲೆ ತರಗತಿಯ ದನಿಯಲ್ಲಿ ಕರೆದಳು.

"ಬಾರೇ ಇಲ್ಲಿ. ಈ ಹೊಂಡದ ಹಲ್ಲು ಯಾವ ಬಣ್ಣ?"

"ಕಪ್ಪು," ಎನ್ನುತ್ತಲೇ ತಂಗಿ ನಾಲಿಗೆ ಕಚ್ಚಿಕೊಂಡಳು.

"ಇದು?" ಅಕ್ಕ ಬಲಗೈಯಲ್ಲಿದ್ದ ಹಲ್ಲನ್ನು ಎತ್ತಿ ಹಿಡಿದಳು.

"ಜೇನಿನ ಬಣ್ಣ."

"ಗೀರುಗಳಲ್ಲಿ ಏನು ಮೆತ್ಕೊಂಡಿದೆ?"

"ಸುಣ್ಣದ ಪುಡಿ."

"ಹೂಂ. ಇದು ಊರಾಚೆ ಸುಣ್ಣಕಲ್ಲು ಗಣೀದು. ಈ ಜೇಡಿ ಇಲ್ಲಿ ಕೂತು ಏಳೆಂಟು ಕೋಟಿ ವರ್ಷ ಆದ್ಮೇಲೆ ಹುಟ್ಟಿದ ಪ್ರಾಣಿ. ಇಲ್ಲಿಗೆ ಹೇಗೆ ಬಂತು? ಬಸ್ಸಲ್ಲಾ?"

"ನಮ್ ಜೊತೇಲೇ ಬಂತು ಅನ್ಸುತ್ತೆ."

"ಟಿಕೆಟ್ ತಗೊಂಡಿತ್ತಾ?"

ತಂಗಿಗೆ ನಗು ತಡೆಯಲಾಗಲಿಲ್ಲ. "ನೀನು ಬರೋದೇ ಬಿಟ್ಟುಬಿಡ್ತೀಯೇನೋ ಅಂತ ಹೆದ್ರಿಕೆ ಆಯ್ತು ಕಣಕ್ಕಾ."

ಅಕ್ಕ ಮುಚ್ಚಿಟ್ಟಿದ್ದ ಎಡಗೈಯನ್ನು ನಿಧಾನವಾಗಿ ಬಿಚ್ಚಿದಳು. ಅಂಗೈಯಲ್ಲಿ ಇನ್ನೊಂದು ಹಲ್ಲು: ಸಣ್ಣಗೆ, ಕೊಂಚ ಬಾಗಿ, ತುದಿಯವರೆಗೂ ನವಿರಾದ ಗೆರೆಗಳು. ಕಡುಗಪ್ಪು.

"ನಿನ್ನ ಹೆಬ್ಬೆರಳಿನ ಗುರುತು ಇತ್ತಲ್ಲ, ಅದರ ಅಂಚಿಗೇ ಇತ್ತು. ಮೂತಿ ಹೊರಗೆ ಹಾಕ್ಕೊಂಡು ನಿನ್ನನ್ನೇ ನೋಡ್ತಿತ್ತು. ಕನ್ನಡಕ ಮಾರೋಳಿಗೇ ಕಾಣ್ಲಿಲ್ವಲ್ಲೇ!"

ತಂಗಿಯ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಅಕ್ಕ ಸುತ್ತಿಗೆಯನ್ನು ತನ್ನ ಚೀಲಕ್ಕೇ ಸಿಕ್ಕಿಸಿಕೊಂಡಿದ್ದು ಕಂಡು ಮನಸ್ಸು ಹೂವಿನಂತೆ ಹಗುರಾಯಿತು. ಜೇನುಬಣ್ಣದ ಹಲ್ಲಿಗಾಗಿ ಕೈ ಚಾಚಿದಳು.

"ಕೊಡಕ್ಕಾ ನಂದು."

"ನಿಂದಾ? ಜೇಡೀಲಿ ಇದ್ದಿದ್ದನ್ನ ಮೊದಲು ಕಂಡಿದ್ದು ಯಾರು?" ಎನ್ನುತ್ತ ಅಕ್ಕ ಎರಡೂ ಹಲ್ಲುಗಳನ್ನು ಜೇಬಿಗೆ ಹಾಕಿಕೊಂಡು, ಗೋಣಿಚೀಲ ಕೊಡವಿ, ಇಳಿಜಾರಿನ ಆ ತುದಿಗೆ ಹೊರಟೇಬಿಟ್ಟಳು.